ಪೊಟರೆಯ ಕಾವಲು

ಫೆಬ್ರವರಿ 14, 2009. ಅಮಾಸೆಬೈಲು

ನವ್ಯಶ್ರೀ ಮೇಡಂ ಎರಡು ನೋಟ್‌ಪುಸ್ತಕ ಕೊಟ್ಟು ಹೋದರು. ಒಂದು ಹಕ್ಕಿಯ ವರದಿಗೆ. ಇನ್ನೊಂದು, ಮೊದಲನೆಯದಕ್ಕೆ ಗೆದ್ದಲು ಹಿಡಿದರೆ ಇರಲಿ ಎಂದು. ಈ ಎರಡನೆಯದನ್ನು ನಾನು ನನಗೇ ಇಟ್ಟುಕೊಂಡೆ. ಹಕ್ಕಿ ತಿಂದದ್ದು ಹೇತದ್ದು ಬರೆಯಲು ಒಬ್ಬ ಆಳು ಇದ್ದಾನೆ, ಆ ಆಳಿನದ್ದನ್ನು ಬರೆಯಲು ಯಾರಿದ್ದಾರೆ?

ಕೋಡಿಯ ಮಂಜ ಮರ ಕಾಯುವ ಕೆಲಸಕ್ಕೆ ಸೇರಿದ ಎಂದರೆ ಕಡಲ ಬದಿಯವರೆಲ್ಲ ಹಲ್ಲು ಕಿರಿಯುತ್ತಾರೆ. ಕಿರಿಯಲಿ. ಎರಡು ವರ್ಷದ ಹಿಂದೆ ಅಳಿವೆಯಲ್ಲಿ ದೋಣಿ ಮಗುಚಿ, ಹೊಟ್ಟೆ ತುಂಬ ಉಪ್ಪುನೀರು ಕುಡಿದು ಬದುಕಿ ಬಂದವನು ನಾನು. ಆಮೇಲೆ ದೋಣಿ ಹತ್ತಿಲ್ಲ. ದಡದಲ್ಲಿ ಕೂತು ಹರಿದ ಬಲೆ ಕಟ್ಟುತ್ತಾ ದಿನ ದೂಡುತ್ತಿದ್ದೆ. ಹೆಂಡತಿ ಸುಗಂಧಿ ಮೀನು ಬುಟ್ಟಿ ಹೊತ್ತು ಮನೆ ನಡೆಸುತ್ತಾಳೆ. ಈ ಕೆಲಸದ ಸುದ್ದಿ ಹೇಳಿದಾಗ, "ಹೋಯ್ನಿ, ನಾಲ್ಕ್ ತಿಂಗ್ಳ್ ಅಲ್ದಾ? ಮನ್ಸಿಗ್ ಒಳ್ಳೇದಾತ್ತ್" ಎಂದಳು. ನನಗೆ ಮಕ್ಕಳಿಲ್ಲ. ಅವಳೊಬ್ಬಳೇ ಇರುತ್ತಾಳೆ ಎಂಬುದು ಮಾತ್ರ ಮನಸ್ಸಿಗೆ ಚುಚ್ಚುತ್ತದೆ.

ಕೆಲಸವೆಂದರೆ ಇಷ್ಟೆ. ತೊರೆಯ ಈಚೆ ದಡದಲ್ಲಿ ಒಂದು ದೊಡ್ಡ ತಾರೆ ಮರ. ಇಪ್ಪತ್ತೈದು ಅಡಿ ಮೇಲೆ ಪೊಟರೆ. ಅದಕ್ಕೆ ಒಂದು ಜೋಡಿ ಮಂಗಟ್ಟೆ ಹಕ್ಕಿ ಬಂದಿವೆ, ಕಪ್ಪು ಬಿಳಿ ಮೈ, ಗೇಣುದ್ದ ಕೊಕ್ಕು, ಅದರ ಮೇಲೊಂದು ಕೊಂಬು. ಐವತ್ತು ಹೆಜ್ಜೆ ದೂರದ ಸೋಗೆ ಮರೆಯಲ್ಲಿ ಕೂತು ನೋಡಬೇಕು, ಬರೆಯಬೇಕು. ವಾರಕ್ಕೊಮ್ಮೆ ಮಾತ್ರ ಬುಡಕ್ಕೆ ಹೋಗಿ ಬಿದ್ದ ಬೀಜ ಹೆಕ್ಕಬೇಕು. ಮೇಡಂ ಬ್ರಹ್ಮಾವರದ ಹುಡುಗಿ, ಈ ಹಕ್ಕಿಯ ಮೇಲೆ ಡಾಕ್ಟರೇಟ್ ಮಾಡುವುದಂತೆ. ಹೋಗುವಾಗ ಮೂರು ಸಲ ಹೇಳಿದರು: "ಮರ ಮುಟ್ಟೂಕ್ ಆಗ, ಮಂಜಣ್ಣ. ಎಂತ ಆದ್ರೂ ಕಾಣಿ, ಬರೀನಿ. ಅಷ್ಟೇ."

ಮಲಗಲು ಒಂದು ಹಳೇ ಹಟ್ಟಿ ಇದೆ, ಸಗಣಿ ವಾಸನೆ ಇನ್ನೂ ಹೋಗಿಲ್ಲ. ಊಟ ಪಕ್ಕದ ಜಲಜಳ ಮನೆಯಲ್ಲಿ. ಎರಡು ದನ, ಒಂದು ನಾಯಿ, ಎಡೆಬಿಡದ ಮಾತು, ಇಷ್ಟು ಅವಳ ಆಸ್ತಿ.

ಫೆಬ್ರವರಿ 22

ಹೆಣ್ಣು ಪೊಟರೆಯ ಒಳಗೆ ಹೋಗಿ ಕೂತಿದೆ. ಗಂಡು ತೊರೆಯ ಬದಿಯಿಂದ ಕೊಕ್ಕಿನಲ್ಲಿ ಮಣ್ಣು ತಂದು ಕೊಡುತ್ತದೆ, ಹೆಣ್ಣು ಒಳಗಿನಿಂದ ಅದಕ್ಕೆ ತನ್ನ ಹಿಕ್ಕೆ, ಹಣ್ಣಿನ ರಸ ಬೆರೆಸಿ ಬಾಗಿಲನ್ನು ಮೆತ್ತುತ್ತದೆ. ಐದು ದಿನದಲ್ಲಿ ಎಲ್ಲ ಮುಚ್ಚಿ ಬೆರಳಗಲದ ಒಂದು ಸೀಳು ಮಾತ್ರ ಉಳಿದಿದೆ. ಇನ್ನು ಮೊಟ್ಟೆ ಇಟ್ಟು, ಮರಿ ಮಾಡಿ, ಮರಿ ಹಾರುವಷ್ಟಾಗುವವರೆಗೆ ಅವಳು ಹೊರಗೆ ಬರುವುದಿಲ್ಲವಂತೆ. ಹತ್ತಿರ ಹತ್ತಿರ ಮೂರು ತಿಂಗಳು. ಒಳಗೆ ಕೂತ ಮೇಲೆ ಗರಿಯೆಲ್ಲ ಉದುರುತ್ತದಂತೆ. ತಿನ್ನುವುದೆಲ್ಲ ಗಂಡು ತಂದು ಆ ಸೀಳಿನಲ್ಲಿ ಕೊಟ್ಟದ್ದೇ.

ಜಲಜಳಿಗೆ ಹೇಳಿದೆ. "ಅಬ್ಬಬ್ಬಾ! ಗಂಡ್ ಎಲ್ಲಾರೂ ತಪ್ಸ್ಕಂಡ್ರೆ?" ಎಂದಳು. ಈ ಗಂಡು ತಪ್ಪಿಸಿಕೊಳ್ಳುವ ಜಾತಿಯದಲ್ಲ ಎಂದೆ.

ಮಾರ್ಚ್ 4

ನಿಜವಾಗಿಯೂ ಅಲ್ಲ. ದಿನಕ್ಕೆ ಒಂಬತ್ತು, ಹತ್ತು ಸಲ ಬರುತ್ತಾನೆ. ಗಂಟಲು ಉಬ್ಬುವಷ್ಟು ಹಣ್ಣು ತುಂಬಿಕೊಂಡು, ಹಸ್ ಹಸ್ ಎಂದು ರೆಕ್ಕೆ ಬಡಿದುಕೊಂಡು. ಬಂದವನೇ ಕೊಕ್ಕಿನಿಂದ ತೊಗಟೆಗೆ ಎರಡು ಸಲ ತಟ್ಟುತ್ತಾನೆ. ಆಮೇಲೆ ಒಂದೊಂದೇ ಹಣ್ಣು ಗಂಟಲಿನಿಂದ ಕೊಕ್ಕಿನ ತುದಿಗೆ ತಂದು ಸೀಳಿಗೆ ಹಿಡಿಯುತ್ತಾನೆ. ಬಸರಿ, ಗೋಳಿ, ಅತ್ತಿ. ಹಣ್ಣು ಮುಗಿದ ಮೇಲೂ ಸ್ವಲ್ಪ ಹೊತ್ತು ನಿಂತು ಗಂಟಲಲ್ಲೇ ಏನೋ ಹೇಳುತ್ತಾನೆ. ಅವನ ಬಗ್ಗೆ ನನಗೆ ಅಭಿಮಾನ ಬಂದಿದೆ, ಸುಳ್ಳು ಯಾಕೆ ಹೇಳಲಿ.

ಇವತ್ತು ಮಧ್ಯಾಹ್ನ ಒಂದು ಉಡ ಮರ ಹತ್ತಿ ಸೀಳಿಗೆ ಮೂತಿ ಇಟ್ಟಿತು. ಒಳಗಿಂದ ಹೆಣ್ಣು ಕುಟುಕಿತೋ ಏನೋ, ಇಳಿದು ಹೋಯಿತು. ಮತ್ತೆ ಬಂದೇ ಬರುತ್ತದೆ. ನೋಡಿ ಬರೆಯಬೇಕಂತೆ! ಕಣ್ಣ ಮುಂದೆ ಮನೆ ದೋಚುತ್ತಿದ್ದರೆ ನೋಡಿ ಬರೆಯುವ ಬುದ್ಧಿ ಓದಿದವರಿಗೇ ಸರಿ.

ಮಾರ್ಚ್ 9

ನಮ್ಮಲ್ಲಿ ಒಣಮೀನಿಗೆ ಕಾಗೆ ಬಂದರೆ ಬಲೆ, ಬಸಳೆ ಚಪ್ಪರಕ್ಕೆ ಕೋಳಿ ಬಂದರೆ ಬಲೆ, ಬಾವಿಗೆ ಎಲೆ ಬಿದ್ದರೆ ಬಲೆ. ಕೋಡಿಯಲ್ಲಿ ಬಲೆ ಇಲ್ಲದೆ ಉಳಿದ ವಸ್ತು ಉಂಟಾ? ಕಳೆದ ವಾರ ಊರಿಗೆ ಹೋದವನು ಹಳೇ ನೈಲಾನ್ ಬಲೆ ಒಂದು ಮಡಿ ತಂದಿದ್ದೆ. ಇವತ್ತು ಗಂಡು ದೂರ ಹೋದ ಹೊತ್ತಿಗೆ ಬಿದಿರು ಏಣಿ ಇಟ್ಟು, ಪೊಟರೆಯಿಂದ ಎರಡು ಮೊಳ ಕೆಳಗೆ ಮರದ ಸುತ್ತ ಕಟ್ಟಿದೆ. ಕೆಳಗೆ ಸಡಿಲ, ಮೇಲೆ ಬಿಗಿ. ಉಡ ಅಲ್ಲ, ಉಡದ ಅಜ್ಜ ಬಂದರೂ ದಾಟುವುದಿಲ್ಲ. ಮೇಡಂ ಬರುವ ದಿನ ಬಿಚ್ಚಿಟ್ಟರೆ ಆಯಿತು.

ಮಾರ್ಚ್ 11

ಬರೆಯಲು ಕೈ ಬರುವುದಿಲ್ಲ.

ಬೆಳಿಗ್ಗೆ ಎಂಟೂಕಾಲಿಗೆ ಬಂದ. ಯಾವಾಗಲೂ ನೇರ ಸೀಳಿನ ಬಳಿ ಬಂದು ಹಿಡಿಯುವವನು ಇವತ್ತು ಸ್ವಲ್ಪ ಕೆಳಗೆ ಕೂತ. ಉಗುರು ಬಲೆಯ ಕಣ್ಣಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋದಾಗ ಇನ್ನೊಂದು ಕಾಲು, ಆಮೇಲೆ ರೆಕ್ಕೆ, ಆಮೇಲೆ ಕುತ್ತಿಗೆ. ನಾನು ಏಣಿ ಎತ್ತಿಕೊಂಡು ಓಡುವಷ್ಟರಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದ. ಹತ್ತುವಾಗ ಅವನ ಗಂಟಲಿನಿಂದ ಬಸರಿ ಹಣ್ಣು ಒಂದೊಂದೇ ನನ್ನ ತಲೆಯ ಮೇಲೆ ಬಿದ್ದವು.

ಕತ್ತಿಯಿಂದ ಬಲೆ ಕೊಯ್ದು, ಸತ್ತವನನ್ನು ತೋಳಲ್ಲಿ ಹಿಡಿದು ಒಂದು ಕ್ಷಣ ಸೀಳಿನ ಎದುರು ನಿಂತಿದ್ದೆ. ಒಳಗಿಂದ ಅವಳ ಕೊಕ್ಕು ಹೊರಗೆ ಬಂತು. ತಡಕಾಡಿತು. ಅವನ ಕೊಕ್ಕು ಸಿಕ್ಕಿತು. ಅದರ ತುದಿಯಲ್ಲಿ ಉಳಿದಿದ್ದ ಒಂದು ಹಣ್ಣನ್ನು ಎಳೆದುಕೊಂಡು ಒಳಗೆ ಹೋಯಿತು.

ತೊರೆಯ ಆಚೆ ಕಾಸರಕ ಮರದ ಬುಡದಲ್ಲಿ ಹೂತು ಮೇಲೊಂದು ಕಲ್ಲಿಟ್ಟೆ. ಬಲೆಯನ್ನು ಸುಟ್ಟೆ. ವರದಿ ಪುಸ್ತಕದಲ್ಲಿ "ಗಂಡು ಒಂಬತ್ತು ಸಲ ಬಂತು" ಎಂದು ಬರೆದೆ.

ಮಾರ್ಚ್ 12

ಮೇಡಂಗೆ ಫೋನ್ ಮಾಡಲು ಅಂಗಡಿಯವರೆಗೆ ಹೋದೆ. ಎರಡು ಸಲ ನಂಬರ್ ಒತ್ತಿ ಇಟ್ಟುಬಿಟ್ಟೆ. ಏನೆಂದು ಹೇಳಲಿ? ಕಾಯಲು ಇಟ್ಟವನೇ ಕೊಂದ ಎಂದೇ? ನಾಚಿಕೆಯಿಂದ ಸತ್ತು ಹೋಗಬೇಕು. ಫೋನಿಟ್ಟು ಬಂದು ಸೋಗೆ ಮರೆಯಲ್ಲಿ ಕೂತೆ. ಒಳಗಿಂದ ಅವಳು ತಟ್ಟುತ್ತಿದ್ದಳು. ದಿನವಿಡೀ.

ಅವಳು ಸತ್ತರೆ, ಒಳಗಿನ ಮೊಟ್ಟೆ ಸತ್ತರೆ, ನಾನು ಯಾವ ಮುಖ ಹೊತ್ತು ಕೋಡಿಗೆ ಹೋಗಲಿ? ಅವರನ್ನು ಬದುಕಿಸಬೇಕು. ಇಷ್ಟೇ ಗೊತ್ತಿರುವುದು.

ಬಿದಿರಿನ ತುದಿ ಸೀಳಿ ಬಸರಿ ಹಣ್ಣು ಸಿಕ್ಕಿಸಿ ಮೇಲೆ ಹಿಡಿದೆ. ಬಿದಿರನ್ನು ಕುಟುಕಿ ತಳ್ಳಿದಳು.

ಮಾರ್ಚ್ 14

ತೆಗೆದುಕೊಂಡಳು! ತೆಗೆದುಕೊಂಡಳು!

ಎರಡು ದಿನ ಏನೂ ತಿನ್ನದವಳು. ಇವತ್ತು ನನ್ನದೇ ವರದಿ ಓದುತ್ತಾ ಹೊಳೆಯಿತು. ಏಣಿ ಹತ್ತಿ, ಮೊದಲು ಬೆರಳ ಗೆಣ್ಣಿನಿಂದ ತೊಗಟೆಗೆ ಎರಡು ಸಲ ತಟ್ಟಿದೆ. ಗಂಟಲಲ್ಲಿ ಅವನ ಹಾಗೆ ಸ್ವಲ್ಪ ಗೊರಗೊರ ಮಾಡಿದೆ. ಆಮೇಲೆ ಹಣ್ಣು ಹಿಡಿದೆ. ಕೊಕ್ಕು ಬಂತು, ಹಣ್ಣು ಹೋಯಿತು. ನಲವತ್ತೊಂದು ಹಣ್ಣು ತಿಂದಳು. ಇಳಿದು ಬಂದು ಬುಡದಲ್ಲಿ ಕೂತು ಅತ್ತೆ, ನಾಚಿಕೆ ಇಲ್ಲದೆ.

ಮಾರ್ಚ್ 25

ಮೇಡಂ ಬಂದಿದ್ದರು. ಏಣಿಯನ್ನು ಪೊದೆಯಲ್ಲಿ ಮುಚ್ಚಿಟ್ಟಿದ್ದೆ. ಬುಡದಲ್ಲಿ ಬಿದ್ದ ಬೀಜ, ಹಸಿ ಹಿಕ್ಕೆ ನೋಡಿ ಖುಷಿಪಟ್ಟರು. "ಗಂಡ್ ಎಲ್ಲಿ?" ಎಂದರು. ಈಗಷ್ಟೇ ಹೋಯಿತು ಎಂದೆ.

ಸುಮ್ಮನೆ ಕೇಳುವವನ ಹಾಗೆ ಕೇಳಿದೆ, ಗಂಡು ಸತ್ತರೆ ಏನಾಗುತ್ತದೆ? ಅವರು ಚಹಾ ಲೋಟ ತಿರುಗಿಸುತ್ತಾ ಹೇಳಿದರು: "ಹೆಣ್ಣ್ ಕಾದ್ ಕಾದ್ ಒಳ್ಗೇ ಸಾಯ್ತ್, ಮಂಜಣ್ಣ. ಗ್ವಾಡಿ ಒಡ್ದ್ ಹೊರ್ಗ್ ಬಂದ್ರೂ ಗರಿ ಇಲ್ಲೆ, ಹಾರೂಕ್ ಆತಿಲ್ಲೆ. ಒಮ್ಮೊಮ್ಮೆ ಬೇರೆ ಗಂಡ್ ಬಂದ್ ತಿನ್ಸೂದ್ ಇತ್ತಂಬ್ರ್. ನಾನ್ ಕಾಣ್ಲಿಲ್ಲೆ." ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಗ ಅವರು ನನ್ನ ಭುಜ ತಟ್ಟಿ, ನಿಮ್ಮಂಥ ಕಾವಲಿನವರು ಸಿಗುವುದಿಲ್ಲ ಎಂದರು. ಖಾಲಿ ಲೋಟ ತೆಗೆದುಕೊಂಡು ತೊಳೆಯಲು ಹೋದೆ.

ಏಪ್ರಿಲ್ 3

ಏಣಿ ಹತ್ತುವಾಗ ಎರಡೂ ಕೈ ಬೇಕಾಗುತ್ತದೆ. ಚೀಲ ಕೊಂಬೆಗೆ ಸಿಕ್ಕುತ್ತದೆ. ಅದಕ್ಕೆ ಹಣ್ಣನ್ನು ಬಾಯಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲು ಐದು ಹಿಡಿಯುತ್ತಿದ್ದವು, ಈಗ ಹದಿನಾಲ್ಕು. ಅವಳಿಗೂ ಅದೇ ಹಿತ, ಬೆಚ್ಚಗಿರುತ್ತದೆ.

ವಾರದ ಬೀಜ ಹೆಕ್ಕಿದೆ. ಬಸರಿ, ಗೋಳಿ, ಅತ್ತಿ, ಎಲ್ಲ ನಾನು ತಂದದ್ದೇ. ಅದರ ನಡುವೆ ಹನ್ನೊಂದು ಚಪ್ಪಟೆ ಬೀಜ, ಗುಂಡಗೆ, ಬೂದು ಬಣ್ಣ, ಮುಟ್ಟಿದರೆ ರೇಷ್ಮೆಯ ನುಣುಪು. ಜಲಜಳಿಗೆ ತೋರಿಸಿದೆ. ಅವಳು ಕೈ ಹಿಂದೆ ಎಳೆದುಕೊಂಡಳು. "ಹ್ವಾಯ್, ಕಾಸರಕದ್ ಬೀಜ! ಅದ್ ನಂಜ್, ಕೈ ತೊಳ್ಕಣಿ. ಹಕ್ಕಿ ತಿಂತ್, ಮನ್ಷ್ರ್ ತಿಂದ್ರೆ ಸೆಟ್ದ್ ಸಾಯ್ತ್ರ್."

ನಾನು ಕಾಸರಕ ತಂದಿಲ್ಲ. ಆ ಮರದ ಕೆಳಗೆ ಅವನನ್ನು ಹೂತ ಮೇಲೆ ನಾನು ಅತ್ತ ಕಾಲಿಟ್ಟಿಲ್ಲ. ಮತ್ತೆ ತಂದವರು ಯಾರು?

ಏಪ್ರಿಲ್ 6

ಬೆಳಕು ಹರಿಯುವ ಹೊತ್ತಿಗೆ ಹಟ್ಟಿಯ ಮೇಲಿಂದ ರೆಕ್ಕೆಯ ಸದ್ದು ಹೋಯಿತು. ಹಸ್, ಹಸ್, ಹಸ್. ಅವನದ್ದೇ. ಬೇರೆ ಮಂಗಟ್ಟೆ ಇರಬಹುದು ಎನ್ನೋಣ, ಆದರೆ ಇವನ ಎಡ ರೆಕ್ಕೆಯಲ್ಲಿ ಒಂದು ಗರಿ ಮುರಿದಿತ್ತು. ಪ್ರತಿ ಮೂರನೆಯ ಬಡಿತಕ್ಕೆ ಸಣ್ಣ ಸಿಳ್ಳು ಬರುತ್ತಿತ್ತು. ಇವತ್ತೂ ಬಂತು. ಓಡಿ ಹೊರಗೆ ಬಂದೆ. ಮಂಜು, ಮರ, ಇನ್ನೇನೂ ಇಲ್ಲ.

ಹತ್ತು ಗಂಟೆಗೆ ಧೈರ್ಯ ಮಾಡಿ ಕಾಸರಕ ಮರದ ಬಳಿ ಹೋದೆ. ಕಲ್ಲು ಇಟ್ಟಲ್ಲೇ ಇದೆ, ಮಣ್ಣು ಅಲುಗಿಲ್ಲ. ಆದರೆ ಸುತ್ತಲೂ ಹೊಸದಾಗಿ ಒಡೆದ ಹಣ್ಣಿನ ಚಿಪ್ಪು, ಕಿತ್ತಳೆ ಬಣ್ಣದ್ದು. ಒಂದೆರಡರ ಮೇಲೆ ಹಲ್ಲಿನ ಗುರುತು. ಮಂಗಗಳಿರಬೇಕು. ಹಸಿ ಮಣ್ಣಿನಲ್ಲಿ ಬರಿಗಾಲಿನ ಹೆಜ್ಜೆಯೂ ಇತ್ತು. ಸೌದೆಗೆ ಬರುವವರದ್ದು.

ಏಪ್ರಿಲ್ 11

ಬೆಳಿಗ್ಗೆ ಎದ್ದರೆ ಬಾಯಿ ಕಹಿ. ಪಿತ್ತ. ಮಂಡಿ, ಅಂಗೈ ಎಲ್ಲ ತರಚಿದೆ. ಈ ಚಾಪೆ ಬಹಳ ಒರಟು.

ಮತ್ತೆ ಹದಿನಾರು ಬೀಜ.

ಏಪ್ರಿಲ್ 19

ಸುಗಂಧಿ ಬಂದಿದ್ದಳು. ಮೊದಲ ಬಸ್ಸಿಗೆ ಹೊರಟು, ಬುತ್ತಿಯಲ್ಲಿ ಬಂಗುಡೆ ಸಾರು, ಕುಚ್ಚಲಕ್ಕಿ ಅನ್ನ ತಂದಿದ್ದಳು. ನನ್ನನ್ನು ನೋಡಿ ಮೊದಲು ಗುರುತೇ ಸಿಗದವಳ ಹಾಗೆ ನಿಂತಳು. "ಎಂತ ಇದ್, ಸಪೂರ ಆಯ್ರಲೆ! ಜಲಜಕ್ಕ ಊಟ ಹಾಕೂದಿಲ್ಯಾ?" ಎಂದಳು. ಜಲಜ ಹಿಂದಿನಿಂದ, "ಹಾಕ್ರೂ ತಿಂತ್ರಿಲ್ಲೆ ಮರಾಯ್ತಿ, ಹದ್ನೈದ್ ದಿನ ಆಯ್ತ್ ಅನ್ನ ಮುಟ್ಟದೆ" ಎಂದಳು. ಈ ಹೆಂಗಸಿಗೆ ಎಲ್ಲ ಹೆಚ್ಚು ಮಾಡಿ ಹೇಳುವ ಚಟ.

ಸುಗಂಧಿ ಬುತ್ತಿ ಬಿಚ್ಚಿದಳು. ಏನು ವಾಸನೆ, ಮೂಗು ಮುಚ್ಚಿ ಬುತ್ತಿಯನ್ನು ದೂರ ತಳ್ಳಿದೆ. ಮೀನು ಹಾಳಾಗಿದೆ ಎಂದೆ. ಅವಳ ಮುಖ ಬಾಡಿತು. "ಬೆಳಿಗ್ಗೆ ದೋಣಿಂದ ಇಳ್ಸಿದ್ ಬಂಗ್ಡಿ ಹಾಳಾತ್ತಾ? ನಿಮ್ಗ್ ಕೊಟ್ಟ್ ಬಪ್ಪುಕೆ ಅಂದೇಳಿ ಒಂದ್ ಬುಟ್ಟಿ ಯಾಪಾರ ಬಿಟ್ಟ್ ಬಂದಿದೆ ನಾನ್" ಎಂದು ಅತ್ತಳು. ನನಗೂ ಸಂಕಟವಾಯಿತು. ಸಮಾಧಾನ ಮಾಡಲು ಹತ್ತಿರ ಕೂತು, ಅವಳ ಅಂಗೈ ಹಿಡಿದು ಒಂದು ಬಸರಿ ಹಣ್ಣು ಇಟ್ಟೆ. ಅವಳು ಕೈ ಕೊಡವಿ ಎದ್ದು ನಿಂತಳು. ಬಾಯಿಂದ ತೆಗೆದು ಯಾರಾದರೂ ಕೊಡುತ್ತಾರಾ, ಎಂಜಲಲ್ಲವಾ ಎಂದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದ ಮೇಲೆ ಎಂಜಲು ಗಿಂಜಲು!

"ಮನಿಗ್ ಬನಿ. ಹಕ್ಕಿ ಬ್ಯಾಡ ಎಂತ ಬ್ಯಾಡ" ಎಂದಳು ಹೋಗುವಾಗ. ನಾನು ಹೋದರೆ ಪೊಟರೆಯೊಳಗಿನವಳಿಗೆ ಯಾರು ತಿನ್ನಿಸುತ್ತಾರೆ? ಅದನ್ನು ಸುಗಂಧಿಗೆ ಹೇಳಲಿಲ್ಲ, ಹೇಳುವ ಹಾಗಿಲ್ಲ. "ಕತ್ತ್ ಓರೆ ಮಾಡಿ ಒಂದೇ ಕಣ್ಣಗೆ ಎಂತಕ್ ಕಾಂತ್ರಿ? ಮುಖ ಎತ್ತಿ ಕಾಣಿ" ಎಂದು ನನ್ನ ಗಲ್ಲ ಹಿಡಿದು ತಿರುಗಿಸಿದಳು. ಅವಳ ಕೈ ಬಿಸಿಯಾಗಿತ್ತು.

ಮೇ 2

ಮರಿ ಕಂಡಿತು! ತಿಂಗಳಿಂದ ಒಳಗೆ ಸಣ್ಣಗೆ ದನಿ ಕೇಳುತ್ತಿತ್ತು, ಇವತ್ತು ಜೋರಾಗಿದೆ. ಅವಳ ಕೊಕ್ಕಿನ ಪಕ್ಕದಲ್ಲಿ ಇನ್ನೊಂದು ಸಣ್ಣ ಕೊಕ್ಕು. ಹಣ್ಣು ಸಾಲುವುದಿಲ್ಲ. ಹುಳ, ಓತಿಕ್ಯಾತ, ಸಿಕ್ಕಿದ್ದನ್ನೆಲ್ಲ ತರುತ್ತಿದ್ದೇನೆ. ಏಣಿ ಅಲುಗಿದರೆ ಮರಿ ಹೆದರುತ್ತದೆ ಎಂದು ಅದನ್ನು ಬಿಚ್ಚಿ ಜಲಜಳ ಒಲೆಗೆ ಕೊಟ್ಟುಬಿಟ್ಟೆ.

ಜಲಜ ಇವತ್ತು ಅಂಗಳದ ಆಚೆಯೇ ನಿಂತು ಮಾತಾಡಿದಳು. "ಮಂಜಣ್ಣ, ಬೆಳ್ಕ್ ಹರಿಯೂಕ್ ಮುಂಚೆ ತೊರೆಯಾಚಿ ಕಾಸರಕದ್ ಮರದಗೆ ಎಂತ ಮಾಡ್ತಿದ್ರಿ? ತುದೀ ಕೊಂಬಿ ಮೇಲ್ ಕೂಕಂಡಿದ್ರಿ. ಎಷ್ಟ್ ಕರದ್ರೂ ತಿರ್ಗಿ ಕಾಣ್ಲಿಲ್ಲೆ." ಆ ಹೊತ್ತಿಗೆ ನಾನು ನಿದ್ದೆಯಲ್ಲಿದ್ದೆ. ಬೇರೆ ಯಾರನ್ನೋ ನೋಡಿರಬೇಕು ಎಂದೆ. ಅವಳು ನನ್ನ ಕೈಗಳನ್ನೇ ನೋಡುತ್ತಿದ್ದಳು. ಊಟಕ್ಕೆ ಬನ್ನಿ ಎಂದು ಹೇಳದೆ ಹೋದಳು. ಒಳ್ಳೆಯದೇ ಆಯಿತು, ಹೊತ್ತು ಉಳಿಯಿತು.

ಬೀಜ ಎಣಿಸುವುದನ್ನು ಬಿಟ್ಟಿದ್ದೇನೆ. ಯಾರು ತಂದರೇನು, ಅವರ ಹೊಟ್ಟೆ ತುಂಬಿದರೆ ಸರಿ. ಅವನೇ ತರುತ್ತಿದ್ದರೆ ತರಲಿ. ನಾನು ಕೊಂದೆನೆಂಬ ಸಿಟ್ಟು ಇದ್ದಂತಿಲ್ಲ.

ಮೇ 9

ಇಪ್ಪತ್ತಮೂರು ಸಲ.

ಮೇ 17

ಹೊರಗೆ ಬಂದರು.

ಬೆಳಿಗ್ಗೆಯಿಂದ ಒಳಗೆ ಕುಟ್ಟುವ ಸದ್ದು, ಮಣ್ಣಿನ ಹಕ್ಕಳೆ ಉದುರುತ್ತಿತ್ತು. ನಾನು ಪಕ್ಕದ ಕೊಂಬೆಯಲ್ಲಿದ್ದೆ. ಒಂಬತ್ತು ಗಂಟೆಗೆ ಅವಳು. ಹೊಸ ಗರಿ, ಮಿಂಚುವ ಕಪ್ಪು. ಬೆಳಕಿಗೆ ಕಣ್ಣು ಮುಚ್ಚಿ ತೆರೆದು, ಕೊಂಬೆಯ ಮೇಲೆ ನನ್ನಿಂದ ಒಂದು ಮಾರು ದೂರದಲ್ಲಿ ಬಂದು ಕೂತಳು. ಹೆದರಲಿಲ್ಲ. ಅರ್ಧ ಗಂಟೆ ಬಿಟ್ಟು ಮರಿ, ತಡವರಿಸುತ್ತಾ. ಎರಡೂ ಜೀವ ಬದುಕಿದವು. ಎದೆಯ ಮೇಲಿದ್ದ ಕಲ್ಲು ಇಳಿಯಿತು ಎಂದುಕೊಂಡೆ.

ಇಳಿಯಲಿಲ್ಲ. ಅವಳು ಹಾರಿ ತೊರೆಯ ಆಚೆ ಕಾಸರಕ ಮರದಲ್ಲಿ ಕೂತು ಕೂಗತೊಡಗಿದಳು. ಕೂಗುವುದು, ಕತ್ತು ಓರೆ ಮಾಡಿ ಕಾಯುವುದು, ಮತ್ತೆ ಕೂಗುವುದು. ಸಂಜೆಯವರೆಗೆ. ತಡೆಯಲಾಗದೆ ನಾನು ಇಲ್ಲಿಂದ ಉತ್ತರ ಕೊಟ್ಟೆ. ಆಗ ಸುಮ್ಮನಾದಳು.

ಮೇ 19

ಬೆಳಿಗ್ಗೆ ಇಬ್ಬರೂ ಗುಡ್ಡದ ಕಡೆ ಹಾರಿ ಹೋದರು. ಹಿಂದೆ ನೋಡಲಿಲ್ಲ.

ಮಧ್ಯಾಹ್ನ ಮೇಡಂ ಬಂದು ಒಡೆದ ಗೋಡೆ ನೋಡಿ ಕುಣಿದುಬಿಟ್ಟರು. ಈ ವರ್ಷ ಕಾದ ಆರು ಗೂಡಿನಲ್ಲಿ ಇದೊಂದೇ ಪೂರ್ತಿ ಗೆದ್ದದ್ದಂತೆ. ಗಂಡಿನದ್ದೊಂದು ಫೋಟೋ ಬೇಕಿತ್ತು, ಅದು ಎಲ್ಲಿ ಹೋಯಿತು ಎಂದು ಕೇಳಿದರು. ಇಲ್ಲೇ ಇದೆ ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಅನಿಸಲಿಲ್ಲ. ಅವರು ಸುತ್ತ ಮರಗಳನ್ನೆಲ್ಲ ನೋಡಿದರು, ಕೊನೆಗೆ ನನ್ನನ್ನು ನೋಡಿದರು. "ಮನಿಗ್ ಹೋಯಿ ಡಾಕ್ಟ್ರಿಗ್ ಒಮ್ಮೆ ತೋರ್ಸ್ಕಣಿ, ಮಂಜಣ್ಣ" ಎಂದರು ಮೆಲ್ಲಗೆ.

ಕೆಲಸ ಮುಗಿಯಿತು. ಬಾಯಿ ಖಾಲಿ, ಕೈ ಖಾಲಿ. ಬಸರಿ ಮರದ ಕೆಳಗೆ ಹಣ್ಣು ಹಾಸಿ ಬಿದ್ದಿದೆ. ಇನ್ನು ಯಾರಿಗೆ ತರಲಿ?

ಜೂನ್ 6. ಕೋಡಿ

ಮನೆಯಲ್ಲಿದ್ದೇನೆ. ಮಳೆ ಹಿಡಿದಿದೆ, ದೋಣಿಗಳೆಲ್ಲ ದಡಕ್ಕೆ ಬಂದಿವೆ. ಊರಿಡೀ ಗಂಟುನೋವಿನ ಜ್ವರ, ಚಿಕೂನ್‌ಗುನ್ಯಾ. ಸುಗಂಧಿಗೂ ನಾಲ್ಕು ದಿನದಿಂದ. ಮಂಡಿ ಮಡಚಲಾಗುವುದಿಲ್ಲ, ಬಚ್ಚಲಿಗೂ ನಾನೇ ಹಿಡಿದುಕೊಂಡು ಹೋಗಬೇಕು. ಹಿಂದಿನ ಬಲೆ ಕೋಣೆಯಲ್ಲಿ ಗಾಳಿ ಕಡಿಮೆ, ಬೆಚ್ಚಗಿದೆ ಎಂದು ಅಲ್ಲೇ ಮಲಗಿಸಿದ್ದೇನೆ.

ಅವಳಿಗೆ ಖುಷಿಯಾಗಿದೆ, ಪಾಪ. "ಇಷ್ಟ್ ಮಾಡೂಕ್ ನಿಮ್ಗ್ ಗೊತ್ತಿತ್ತಾ? ಹಕ್ಕಿ ಕಲ್ಸಿತಾ?" ಎಂದು ನಗುತ್ತಾಳೆ. ನಗುವಾಗ ಗಂಟು ನೋವಾಗಿ ಮುಖ ಹಿಂಡುತ್ತಾಳೆ. ನಾನು ಇವಳನ್ನು ಇಷ್ಟು ಪ್ರೀತಿ ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಒಂದೇ ಕಿರಿಕಿರಿ. ಪಕ್ಕದ ಮನೆ ಚಂದಯ್ಯನ ಹೆಂಡತಿ ಗಂಜಿ ಹಿಡಿದು ಬರುತ್ತಾಳೆ, ಬಾಗಿಲು ಹಾಗೇ ತೆರೆದಿಟ್ಟು ಹೋಗುತ್ತಾಳೆ. ಹಿಂದಿನಿಂದ ನಾಯಿ, ಕಾಗೆ, ನೊಣ. ಯಾರು ಬೇಕಾದರೂ ಒಳಗೆ ನುಗ್ಗಬಹುದು. ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಜೂನ್ 9

ಮಾತ್ರೆ ತಿಂದು ಮಲಗಿದ್ದಳು. ತೋಡಿನ ಬದಿಯಿಂದ ಜೇಡಿ ಮಣ್ಣು ತಂದೆ, ಹತ್ತು ಹನ್ನೆರಡು ಸಲ ಓಡಾಡಿದೆ. ಸಗಣಿ, ಉಮಿ ಕಲಸಿದೆ. ಬಾಗಿಲಿಗೆ ದೋಣಿಯ ಹಳೇ ಹಲಗೆ ಬಡಿದು ಅದರ ಮೇಲೆ ಮೆತ್ತಿದೆ. ಕಿಟಕಿಗೂ ಮೆತ್ತಿ, ಕೈ ತೂರುವಷ್ಟು ಸೀಳು ಬಿಟ್ಟಿದ್ದೇನೆ. ಮಳೆಗಾಲದಲ್ಲಿ ಒಣಗುವುದು ನಿಧಾನ, ಆದರೂ ಒಳ್ಳೆ ಗಟ್ಟಿ ಕೆಲಸ. ಸುಗಂಧಿ ಒಳಗಿನಿಂದ ಕೈ ಹಚ್ಚಿದ್ದರೆ ಇನ್ನೂ ನಯವಾಗುತ್ತಿತ್ತು.

ಚಂದಯ್ಯ ಬೇಲಿಯ ಆಚೆಯಿಂದ ಕೇಳಿದ, "ಹ್ವಾಯ್, ಸುಗಂಧಿ ಹ್ಯಾಂಗಿತ್ತ್?" ಬೈಂದೂರಿಗೆ ಅಕ್ಕನ ಮನೆಗೆ ಹೋಗಿದ್ದಾಳೆ ಎಂದೆ. ಜನರಿಗೆ ಹೇಳಿದರೆ ಅರ್ಥವಾಗುವುದಿಲ್ಲ.

ಜೂನ್ 11

ದೇವಸ್ಥಾನದ ಗೋಳಿ ಮರದಲ್ಲಿ ಹಣ್ಣಿದೆ, ದೂರವಿಲ್ಲ. ನಿನ್ನೆ ಹದಿನೆಂಟು ಸಲ ಹೋಗಿ ಬಂದೆ.

ಮೊದಲ ದಿನ ತಮಾಷೆ ಎಂದುಕೊಂಡಿದ್ದಳು. ನಿನ್ನೆ ಬೈದಳು. ಇವತ್ತು, "ಹ್ವಾಯ್, ನಿಮ್ ಕಾಲ್ ಹಿಡೀತೆ, ಬಾಗ್ಲ್ ತೆಗೀನಿ. ಉಸ್ರ್ ಕಟ್ತಾ ಇತ್ತ್" ಎಂದು ಸೀಳಿನಿಂದ ಕೈ ಹೊರಗೆ ಹಾಕಿ ನನ್ನ ಅಂಗಿ ಹಿಡಿದುಕೊಂಡಳು. ಮೆಲ್ಲಗೆ ಬೆರಳು ಬಿಡಿಸಿ ಹಣ್ಣು ಇಟ್ಟೆ. ಎಸೆದಳು. ಮೊದಮೊದಲು ಹೀಗೆಯೇ, ಎರಡು ದಿನ ಏನೂ ಮುಟ್ಟುವುದಿಲ್ಲ, ಆಮೇಲೆ ಸರಿಯಾಗುತ್ತದೆ. ಇನ್ನು ಎಂಬತ್ತು ದಿನ ಅಷ್ಟೇ ಎಂದು ಸಮಾಧಾನ ಹೇಳಿದೆ. ಈ ಸಲ ಏನೂ ತಪ್ಪಾಗಲು ಬಿಡುವುದಿಲ್ಲ, ಸುಗಂಧಿ, ಎಂದೆ.

ಈಗ ಒಳಗಿಂದ ತಟ್ಟುತ್ತಿದ್ದಾಳೆ. ನಿಲ್ಲಿಸುವುದೇ ಇಲ್ಲ. ಬಹಳ ಹಸಿವಾಗಿರಬೇಕು. ಮಳೆ ಸ್ವಲ್ಪ ಬಿಟ್ಟಿದೆ, ಹಣ್ಣಿಗೆ ಹೋಗಿ ಬರುತ್ತೇನೆ.